ಮೊದಲು ಕರಾರು, ಆಮೇಲೆ ಕ್ಯಾಮರಾ



ಬರುವ ರಾಜ್ಯೋತ್ಸವಕ್ಕೆ ನಮ್ಮ ಕೂಟದಿಂದ ಒಂದು ಕಿರುಚಿತ್ರ ತಯಾರಿಸಬೇಕೆಂದು ಹೋದ ಸಭೆಯಲ್ಲಿ ತೀರ್ಮಾನವಾಯಿತು. ತಲೆಗೆ 300 ರೂಪಾಯಿ ವರ್ಗಣಿ ಅಂತಲೂ ಗೊತ್ತಾಯಿತು. ಇವೆರಡಕ್ಕೂ ನಾನು ಕೈ ಎತ್ತಿದವನೇ. ಆದರೆ ಸಭೆ ಮುಗಿಯುವ ಹೊತ್ತಿಗೆ ಒಂದು ಮಾತು ಬಂತು: “ಮುಂದಿನ ಸಲ ನಿರ್ದೇಶಕರು ಯಾರು ಅಂತ ಆರಿಸಿಬಿಡೋಣ, ಉಳಿದದ್ದೆಲ್ಲ ತಾನಾಗಿ ಆಗ್ತದೆ.” ಚಪ್ಪಾಳೆಯೂ ಬಿತ್ತು. ನನ್ನ ತಕರಾರು ಇರುವುದು ಈ ಮಾತಿಗೆ. ನಿರ್ದೇಶಕರಾಗಬೇಕೆಂದು ಆಸೆ ಇಟ್ಟುಕೊಂಡ ಯಾರ ಮೇಲೂ ನನಗೆ ಸಿಟ್ಟಿಲ್ಲ. ‘ಉಳಿದದ್ದೆಲ್ಲ’ ಅಂದರಲ್ಲ, ಆ ಉಳಿದದ್ದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಾನು ಕಾಮರ್ಸಿನವನು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಈಗ ಬಿಬವೇವಾಡಿಯ ಒಂದು ಖೋಲಿಯಲ್ಲಿ ಇದ್ದುಕೊಂಡು ಜಮಾ-ಖರ್ಚು ಓದುವವನಿಗೆ ಸಿನಿಮಾ ಏನು ಗೊತ್ತು ಅಂತ ನೀವು ಕೇಳಬಹುದು. ಕ್ಯಾಮರಾ ಎಲ್ಲಿ ಇಡಬೇಕು ಅನ್ನೋದು ನನಗೆ ಗೊತ್ತಿಲ್ಲ, ನಿಜ. ಆದರೆ ಐದು ಜನ ಕೂಡಿ ಒಂದು ವಸ್ತು ತಯಾರಿಸಿದರೆ ಅದು ಯಾರದು ಅನ್ನೋ ಪ್ರಶ್ನೆ ಕ್ಯಾಮರಾದ್ದಲ್ಲ. ಅದು ನಮ್ಮ ಮೊದಲನೇ ವರ್ಷದ ಪಠ್ಯದ ಪ್ರಶ್ನೆ.

ಮೊದಲು ನಮಗೆಲ್ಲ ಹೆಮ್ಮೆ ತಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಗಳ ಚಿತ್ರಗಳಿಗಾಗಿಯೇ ಇರುವ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಬಂತು. ಹೆಸರು ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಸುಮಾರು 16 ನಿಮಿಷದ ಚಿತ್ರ. ಜಗತ್ತಿನ 555 ಸಿನಿಮಾ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಅದರಲ್ಲಿ ಆರಿಸಿದ್ದು 18. ಆ ಹದಿನೆಂಟರಲ್ಲಿ ಮೊದಲನೆಯದು ಇದು. ಬಹುಮಾನ 15,000 ಯೂರೋ. ಮುದುಕಿಯೊಬ್ಬಳು ಊರಿನ ಹುಂಜ ಕದ್ದಳು, ಊರಿಗೆ ಬೆಳಗಾಗುವುದೇ ನಿಂತುಹೋಯಿತು ಅನ್ನೋ ಕತೆ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಅಜ್ಜಿ ಮತ್ತು ಹುಂಜದ ಸಂಗತಿ ಹೊಸದಲ್ಲ. ಆದರೆ ಅದನ್ನು ತಯಾರಿಸಿದ್ದು ಮೈಸೂರಿನಲ್ಲೂ ಅಲ್ಲ, ಧಾರವಾಡದಲ್ಲೂ ಅಲ್ಲ. ಇಲ್ಲೇ, ನಮ್ಮ ಪುಣೆಯ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು.

ಈಗ ನಾನೊಂದು ಕೇಳ್ತೇನೆ. ಈ ಚಿತ್ರದ ನಿರ್ದೇಶಕರ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ವೈದ್ಯಕೀಯ ಓದಿ ಬಂದ ಚಿದಾನಂದ ಎಸ್. ನಾಯ್ಕ್. ಉಳಿದವರ ಹೆಸರು ಹೇಳಿ ನೋಡೋಣ? ಕ್ಯಾಮರಾ ಹಿಡಿದವರು ಸೂರಜ್ ಠಾಕೂರ್. ಸಂಕಲನ ಮನೋಜ್ ವಿ. ಶಬ್ದ ಅಭಿಷೇಕ್ ಕದಂ. ಇದು ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಈ ನಾಲ್ಕೂ ವಿಭಾಗದಿಂದ ಒಬ್ಬೊಬ್ಬರು ಸೇರಿ ಒಂದು ಚಿತ್ರ ಮುಗಿಸಬೇಕು ಅನ್ನೋದು ಅಲ್ಲಿನ ಪದ್ಧತಿ. ಅಂದರೆ ನಾಲ್ಕು ಕೆಲಸ, ನಾಲ್ಕು ಹೆಸರು ಅನ್ನೋದು ಅಲ್ಲಿ ಚಿತ್ರ ಶುರುವಾಗುವ ಮೊದಲೇ ಬರೆದಿಟ್ಟ ಮಾತು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿವಸ. ನಾಲ್ಕು ದಿವಸದಲ್ಲಿ ಮುಗಿಸುವವರಿಗೆ ಯಾರ ಕೆಲಸ ಯಾವುದು ಅಂತ ಜಗಳಾಡಲು ಹೊತ್ತು ಎಲ್ಲಿಂದ ಬರಬೇಕು?

ಅವರದು ಸರಕಾರಿ ಸಂಸ್ಥೆ, ಸಲಕರಣೆ ಇದೆ, ನಿಯಮ ಇದೆ, ನಮ್ಮದು ಹಾಗಲ್ಲ ಅಂತೀರಿ. ಸರಿ. ಹಾಗಾದರೆ ಅದೇ ಅಂಗಳದ ಇನ್ನೂ ಹಳೆಯ ಕತೆ ಕೇಳಿ. ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರಲ್ಲಿ ಶುರುವಾದದ್ದು ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಆ ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂತು. ಅದು ಒಬ್ಬ ಸಾಹುಕಾರನ ಕಂಪನಿ ಆಗಿರಲಿಲ್ಲ. ಐದು ಜನರ ಪಾಲುದಾರಿಕೆ. ನಿರ್ದೇಶನಕ್ಕೆ ವಿ. ಶಾಂತಾರಾಮ್, ಕ್ಯಾಮರಾಕ್ಕೆ ಕೇಶವರಾವ್ ಧಾಯಬರ್, ಶಬ್ದಕ್ಕೆ ವಿಷ್ಣುಪಂತ ದಾಮ್ಲೆ, ಕಲೆಗೆ ಫತ್ತೇಲಾಲ್, ಹಣಕ್ಕೆ ಸೀತಾರಾಂಪಂತ ಕುಲಕರ್ಣಿ. ಕೈಕೆಲಸ ಗೊತ್ತಿದ್ದ ನಾಲ್ವರು, ಹಣ ಇದ್ದ ಒಬ್ಬ. ಐವರೂ ಪಾಲುದಾರರು. ಹಣ ಹಾಕಿದವನು ಯಜಮಾನ, ಉಳಿದವರು ಆಳು ಅಂತ ಅಲ್ಲ.

ಅದೇ ಕಂಪನಿಯ 1936ರ ‘ಸಂತ ತುಕಾರಾಮ್’ ವೆನಿಸ್ ಚಿತ್ರೋತ್ಸವದಲ್ಲಿ ಮಾನ್ಯತೆ ಪಡೆಯಿತು, 1937ರಲ್ಲಿ. ಅದರ ನಿರ್ದೇಶಕರು ಯಾರು ಗೊತ್ತೆ? ದಾಮ್ಲೆ ಮತ್ತು ಫತ್ತೇಲಾಲ್. ಶಬ್ದದವರು ಒಬ್ಬರು, ಕಲೆಯವರು ಒಬ್ಬರು. ನಾವು ‘ಸಹಾಯ’ ಅಂತ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕುವ ಜನ. ನಮ್ಮ ಕನ್ನಡದಲ್ಲೂ 1971ರ ‘ವಂಶವೃಕ್ಷ’ಕ್ಕೆ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಇಬ್ಬರೂ ನಿರ್ದೇಶಕರು; ಆ ವರ್ಷದ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಕೂಡಿಯೇ ಬಂತು. ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು ಕೂಡಿ ‘ಯುಕ್ತ’ ಎಂಬ ಸಹಕಾರಿ ಕಟ್ಟಿ, ತೆಂಡೂಲ್ಕರರ ನಾಟಕ ‘ಘಾಶೀರಾಮ್ ಕೋತ್ವಾಲ್’ಅನ್ನು 1976ರಲ್ಲಿ ಸಿನಿಮಾ ಮಾಡಿದಾಗ ನಿರ್ದೇಶಕರು ಎಂದು ನಾಲ್ವರ ಹೆಸರು ಇತ್ತು: ಕೆ. ಹರಿಹರನ್, ಮಣಿ ಕೌಲ್, ಸಯೀದ್ ಮಿರ್ಜಾ, ಕಮಲ್ ಸ್ವರೂಪ್. ಒಂದು ಚಿತ್ರಕ್ಕೆ ಒಬ್ಬನೇ ಒಡೆಯ ಅನ್ನೋದು ದೇವರು ಬರೆದ ಶಾಸನ ಅಲ್ಲ ಅಂತ ತೋರಿಸಲಿಕ್ಕೆ ಇಷ್ಟು ಸಾಕು.

ಇನ್ನು ನಮ್ಮ ಓಣಿಯ ಕತೆಗೆ ಬರ್ತೇನೆ. ಹೋದ ವರ್ಷ ಬಿಬವೇವಾಡಿಯಲ್ಲಿ ಇರುವ ಐದು ಕನ್ನಡ ಹುಡುಗರು 11 ನಿಮಿಷದ ಒಂದು ಚಿತ್ರ ಮಾಡಿದರು. ಬೇರೆ ಬೇರೆ ಕಾಲೇಜಿನವರು. ನಾನು ಐವರಲ್ಲಿ ಒಬ್ಬನಲ್ಲ; ಖರ್ಚಿನ ವಹಿ ಬರೆಯಲು ಕರೆದಿದ್ದರು, ಹಾಗಾಗಿ ಎಲ್ಲ ಕಣ್ಣಾರೆ ಕಂಡೆ. ಕತೆ ಚೆನ್ನಾಗಿತ್ತು. ಜತ್ತ ಕಡೆಯ ರೈತ ದಾಳಿಂಬೆ ತೆಗೆದುಕೊಂಡು ಮಾರ್ಕೆಟ್ ಯಾರ್ಡಿಗೆ ಬರ್ತಾನೆ. ಅಡತಿ ಅಂಗಡಿಯಲ್ಲಿ ಕೈಗೆ ಕೊಟ್ಟ ಹಿಶೋಬ ಪಟ್ಟಿ ಮರಾಠಿಯಲ್ಲಿದೆ, ಅವನಿಗೆ ಓದಲು ಬರೋದಿಲ್ಲ. ಯಾರ ಹತ್ತಿರ ಓದಿಸಬೇಕು ಅಂತ ರಾತ್ರಿಯೆಲ್ಲ ತಿರುಗ್ತಾನೆ. ಇಷ್ಟೇ. ನೋಡಿದವರು ಸುಮ್ಮನಾಗಿ ಕೂತರು. ಗಡಿಯ ಕಡೆಯಿಂದ ಬಂದ ನಮ್ಮಲ್ಲಿ ಯಾರ ಮನೆಯಲ್ಲಿ ಇಂಥ ಒಂದು ಪಟ್ಟಿ ಇಲ್ಲ?

ವಹಿಯಲ್ಲಿ ನಾನು ಬರೆದ ಲೆಕ್ಕ ಹೀಗಿದೆ. ಮೈಕು ಮತ್ತು ದೀಪದ ಬಾಡಿಗೆ 2,400. ಊಟ, ಚಹಾ 3,150. ಓಡಾಟ 1,250. ಹಾರ್ಡ್ ಡಿಸ್ಕ್ 3,600. ಚಿಲ್ಲರೆ 600. ಒಟ್ಟು 11,000 ರೂಪಾಯಿ. ಕೊಟ್ಟವರು ಮೂವರು: ಇಬ್ಬರು ನಾಲ್ಕು ನಾಲ್ಕು ಸಾವಿರ, ಒಬ್ಬ ಮೂರು ಸಾವಿರ. ಉಳಿದ ಇಬ್ಬರ ಹೆಸರಿನ ಮುಂದೆ ವಹಿಯಲ್ಲಿ ಸೊನ್ನೆ. ಆ ಇಬ್ಬರು ಯಾರು? ಶಬ್ದ ಹಿಡಿದವನು ಮತ್ತು ಸಂಕಲನ ಮಾಡಿದವನು.

ಬಿಬವೇವಾಡಿಯಲ್ಲಿ ಶಬ್ದ ಹಿಡಿಯೋದು ಅಂದರೆ ಏನು ಅಂತ ಇಲ್ಲಿ ಇರುವವರಿಗೇ ಗೊತ್ತು. ಹಗಲೆಲ್ಲ ಟೆಂಪೋ, ಬಸ್ಸು, ಕುಕ್ಕರಿನ ಸೀಟಿ. ರಾತ್ರಿ ಹನ್ನೊಂದಾದ ಮೇಲೆ ನಾಯಿಗಳು. ಮಾರ್ಕೆಟ್ ಯಾರ್ಡಿಗೆ ಮಾಲು ತರುವ ಗಾಡಿಗಳಿಗೆ ಹೊತ್ತು ಗೊತ್ತು ಅಂತ ಇಲ್ಲ. ಎಲ್ಲ ಅಡಗುವುದು ಬೆಳಗಿನ ಜಾವ ಎರಡರ ಮೇಲೆ. ಅವನು ಆ ಹೊತ್ತಿನಲ್ಲಿ ಮೈಕಿಗೆ ಶಾಲು ಸುತ್ತಿ, ಅದೇ ಮಾತನ್ನು ಏಳೇಳು ಸಲ ಹೇಳಿಸಿ ಹಿಡಿದ. ಬೆಳಿಗ್ಗೆ ಎಂಟಕ್ಕೆ ಕಾಲೇಜು. ಸಂಕಲನದವನು 22 ರಾತ್ರಿ ಕೂತ. ಮದುವೆ ಹಾಲಿನಲ್ಲಿ ಬಡಿಸುವ ಕೆಲಸಕ್ಕೆ ಹೋದರೆ ನಮ್ಮಂಥವರಿಗೆ ಒಂದು ರಾತ್ರಿಗೆ 500 ರೂಪಾಯಿ ಸಿಗ್ತದೆ. ಅದೇ ದರ ಹಿಡಿದರೂ 22 ರಾತ್ರಿಗೆ 11,000 ಆಯಿತು. ಇಡೀ ಚಿತ್ರದ ನಗದು ಖರ್ಚು ಎಷ್ಟೋ ಅವನೊಬ್ಬನ ನಿದ್ದೆಯ ಬೆಲೆ ಅಷ್ಟು. ಆದರೂ ವಹಿಯಲ್ಲಿ ಅವನದು ಸೊನ್ನೆ, ಯಾಕೆಂದರೆ ವಹಿಯಲ್ಲಿ ನಿದ್ದೆಗೆ ಕಾಲಂ ಇಲ್ಲ.

ಮುಂದಾದದ್ದು ಕೇಳಿ. ಚಿತ್ರವನ್ನು ಒಂದು ಅಂತರ ಕಾಲೇಜು ಸ್ಪರ್ಧೆಗೆ ಕಳಿಸಿದರು. ಅರ್ಜಿಯಲ್ಲಿ ಹೆಸರಿಗೆ ಇದ್ದದ್ದು ಒಂದೇ ಮನೆ, ‘ನಿರ್ದೇಶಕ’. ಎರಡನೇ ಬಹುಮಾನ 10,000 ರೂಪಾಯಿ ಬಂತು, ಆ ಒಬ್ಬನ ಖಾತೆಗೆ. ಹಣ ಹಾಕಿದವರು ‘ಮೊದಲು ನಮ್ಮ ದುಡ್ಡು ವಾಪಸು’ ಅಂದರು. ನಿರ್ದೇಶಕ ‘ಬಹುಮಾನ ನನ್ನ ಹೆಸರಿಗೆ ಬಂದದ್ದು’ ಅಂದ. ಶಬ್ದದವನು ಹಣ ಕೇಳಲೇ ಇಲ್ಲ. ತೆರೆಯ ಮೇಲೆ ಕೊನೆಗೆ ‘ಸಹಾಯ’ ಅಂತ ಏಳು ಹೆಸರು ಎರಡು ಸೆಕೆಂಡಿನಲ್ಲಿ ಓಡಿ ಹೋಗ್ತವಲ್ಲ, ಅದರಲ್ಲಿ ತನ್ನ ಹೆಸರು ಐದನೆಯದು ಅನ್ನೋದಷ್ಟೇ ಅವನ ನೋವು. ಸಂಕಲನದವನು ಹಾರ್ಡ್ ಡಿಸ್ಕ್ ಕೊಡೋದಿಲ್ಲ ಅಂತ ಕೂತ. ಹಾರ್ಡ್ ಡಿಸ್ಕ್ ಎಲ್ಲರ ದುಡ್ಡಿನದು, ಒಳಗಿನ ಕೆಲಸ ಅವನದು. ಅವನು ಹೇಳೋದೂ ನ್ಯಾಯ, ಇವರು ಹೇಳೋದೂ ನ್ಯಾಯ. ಐದು ನ್ಯಾಯಗಳ ನಡುವೆ ಚಿತ್ರ ಸತ್ತಿತು. ಇವತ್ತಿಗೂ ಅದನ್ನು ಎಲ್ಲಿಯೂ ತೋರಿಸುವ ಹಾಗಿಲ್ಲ. ಐವರೂ ಒಂದೇ ಬಸ್ಸಿಗೆ ಸ್ವಾರಗೇಟಿಗೆ ಹೋಗ್ತಾರೆ, ಒಬ್ಬರ ಮುಖ ಒಬ್ಬರು ನೋಡೋದಿಲ್ಲ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಅದಕ್ಕೇ ಈ ಕತೆ ಹೇಳಿದ್ದು. ಕೆಟ್ಟವರಾಗಿದ್ದರೆ ಮುಂದಿನ ಸಲ ಒಳ್ಳೆಯವರನ್ನು ಆರಿಸೋಣ ಅನ್ನಬಹುದಿತ್ತು. ಒಳ್ಳೆಯವರಿಗೇ ಹೀಗಾಗ್ತದೆ ಅಂದಮೇಲೆ ದೋಷ ಮನುಷ್ಯರಲ್ಲಿಲ್ಲ. ಅವರ ನಡುವೆ ಒಂದು ಹಾಳೆ ಕಾಗದ ಇರಲಿಲ್ಲ, ದೋಷ ಅಲ್ಲಿದೆ.

ಕಾಯಿದೆ ಏನು ಹೇಳ್ತದೆ ಅನ್ನೋದೂ ನೋಡಬೇಕು, ಯಾಕೆಂದರೆ ಈ ವಿಷಯದಲ್ಲಿ ನಮ್ಮ ತಿಳುವಳಿಕೆ ಪೂರಾ ಉಲ್ಟಾ ಇದೆ. ಚಿತ್ರ ನಿರ್ದೇಶಕನದು ಅಂತ ನಾವೆಲ್ಲ ನಂಬಿದ್ದೇವೆ. 1957ರ ಕೃತಿಸ್ವಾಮ್ಯ ಕಾಯಿದೆ ಹಾಗೆ ಹೇಳೋದಿಲ್ಲ. ಆ ಕಾಯಿದೆಯ ಪ್ರಕಾರ ಸಿನಿಮಾದ ‘ಕರ್ತೃ’ ಅಂದರೆ ನಿರ್ಮಾಪಕ. ನಿರ್ಮಾಪಕ ಅಂದರೆ ಯಾರು? ಕೃತಿ ತಯಾರಿಸಲು ಮುಂದಾಗಿ ಅದರ ಜವಾಬ್ದಾರಿ ಹೊತ್ತವನು. ಹುಡುಗರು ಖೋಲಿಯಲ್ಲಿ ಕೂಡಿ ಮಾಡಿದ ಚಿತ್ರದಲ್ಲಿ ಮುಂದಾದವರು ಯಾರು, ಜವಾಬ್ದಾರಿ ಹೊತ್ತವರು ಯಾರು? ಐವರೂ ‘ನಾನು’ ಅಂತಾರೆ. ಹಕ್ಕನ್ನು ಒಬ್ಬರಿಂದ ಒಬ್ಬರಿಗೆ ವರ್ಗ ಮಾಡಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಸಹಿ ಬೇಕು ಅಂತಲೂ ಅದೇ ಕಾಯಿದೆ ಹೇಳ್ತದೆ. ಚಹಾದ ಅಂಗಡಿಯಲ್ಲಿ ‘ಆಯ್ತು ಬಿಡೋ, ನೀನೇ ಇಟ್ಕೋ’ ಅಂದದ್ದು ಅಲ್ಲಿ ನಡೆಯೋದಿಲ್ಲ.

1932ರ ಪಾಲುದಾರಿಕೆ ಕಾಯಿದೆಯೂ ನೋಡಿ. ನಮ್ಮ ಕಿರುಚಿತ್ರ ವ್ಯಾಪಾರವಲ್ಲ, ಅದಕ್ಕೆ ಈ ಕಾಯಿದೆ ನೇರವಾಗಿ ಹತ್ತುತ್ತದೆ ಅಂತ ನಾನು ಹೇಳ್ತಾ ಇಲ್ಲ. ಆದರೆ ತೊಂಬತ್ತು ವರ್ಷದಿಂದ ಈ ದೇಶದ ಅಂಗಡಿ ಮುಂಗಟ್ಟುಗಳು ನಡೆದು ಬಂದ ತಿಳುವಳಿಕೆ ಅದರಲ್ಲಿದೆ. ಅದರ 13ನೇ ಕಲಮು ಹೇಳೋದು ಇಷ್ಟು: ಬೇರೆ ಕರಾರು ಇಲ್ಲದಿದ್ದರೆ ಲಾಭ ಸಮಪಾಲು, ನಷ್ಟವೂ ಸಮಪಾಲು, ದುಡಿದದ್ದಕ್ಕೆ ಬೇರೆ ಸಂಬಳ ಇಲ್ಲ. ಹಣ ಎಷ್ಟು ಹಾಕಿದ ಅನ್ನೋದರ ಮೇಲೆ ಪಾಲು ಅಂತ ಅಲ್ಲಿ ಬರೆದಿಲ್ಲ. ಬೇರೆ ಥರ ಬೇಕಾದರೆ ಮೊದಲೇ ಮಾತಾಡಿಕೊಳ್ಳಿ ಅಂತ ಅರ್ಥ. ಮಾತಾಡಿಕೊಳ್ಳದವರಿಗೆ ಸಮಪಾಲು. ಓದಿದಾಗ ನನಗೆ ಇದು ಬಹಳ ಮರ್ಯಾದೆಯ ಮಾತು ಅನ್ನಿಸಿತು.

‘ಗೆಳೆತನದಲ್ಲಿ ಎಂಥಾ ಕರಾರೋ ಮಾರಾಯಾ’ ಅಂತ ಕೆಲವರು ನಗ್ತಾರೆ. ಅವರಿಗೆ ಊರಿನ ಒಂದು ಮಾತು ನೆನಪು ಮಾಡ್ತೇನೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಪದ್ಧತಿ ಇದೆ. ಇವತ್ತು ನನ್ನ ಹೊಲಕ್ಕೆ ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿ ಇಲ್ಲ, ಕಾಗದವೂ ಇಲ್ಲ. ಆದರೆ ಲೆಕ್ಕ ಇಲ್ಲ ಅಂತ ತಿಳಿಯಬೇಡಿ. ಯಾರು ಎಷ್ಟು ದಿವಸ ಬಂದರು, ಯಾರದು ಬಾಕಿ ಇದೆ ಅಂತ ಇಡೀ ಓಣಿಗೆ ಬಾಯಿಪಾಠ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಹೋಗೋದಿಲ್ಲ. ಅಲ್ಲಿ ಗೆಳೆತನ ಉಳಿದದ್ದೇ ಲೆಕ್ಕ ಸರಿ ಇದ್ದದ್ದಕ್ಕೆ. ಪುಣೆಗೆ ಬಂದ ನಾವು ಬೇರೆ ಬೇರೆ ತಾಲೂಕಿನವರು, ಬಾಯಿಪಾಠ ಇಟ್ಟುಕೊಳ್ಳಲು ನಮಗೆ ಓಣಿ ಇಲ್ಲ. ಅದಕ್ಕೆ ಕಾಗದ ಬೇಕು ಅಂತೇನೆ, ಇಷ್ಟೇ.

ಇನ್ನು ಕೆಲವರು ಹೇಳ್ತಾರೆ, ‘ಎಲ್ಲರೂ ಒಡೆಯರಾದರೆ ಚಿತ್ರ ಹಾಳಾಗ್ತದೆ, ಸೆಟ್ಟಿನಲ್ಲಿ ಒಬ್ಬನ ಮಾತು ನಡೆಯಬೇಕು.’ ಇದು ತೂಕದ ಮಾತು, ಒಪ್ಪುತ್ತೇನೆ. ಐದು ಜನ ಐದು ಕಡೆ ಕ್ಯಾಮರಾ ತಿರುಗಿಸಿದರೆ ನಡೆಯೋದಿಲ್ಲ. ಆದರೆ ಮಾತು ನಡೆಸುವುದು ಬೇರೆ, ಒಡೆತನ ಬೇರೆ. ಬಸ್ಸಿನಲ್ಲಿ ಡ್ರೈವರ್ ಹೇಳಿದ ಹಾಗೆ ಬಸ್ಸು ಹೋಗ್ತದೆ. ಹಾಗಂತ ಬಸ್ಸು ಅವನದಲ್ಲ. ನಿರ್ದೇಶಕನಿಗೆ ಚಿತ್ರೀಕರಣದ ದಿವಸ ಕೊನೆಯ ಮಾತು ಕೊಡೋಣ, ಸಂತೋಷದಿಂದ. ಚಿತ್ರ ಮುಗಿದ ಮೇಲೆ ಅದು ಎಲ್ಲರದು.

ಹಣದ ವಿಷಯಕ್ಕೂ ಒಂದು ಉದಾಹರಣೆ ಇದೆ. 1976ರಲ್ಲಿ ಶ್ಯಾಮ್ ಬೆನೆಗಲ್ ‘ಮಂಥನ್’ ತೆಗೆದಾಗ ಗುಜರಾತಿನ ಐದು ಲಕ್ಷ ಹಾಲಿನ ರೈತರು ತಲೆಗೆ ಎರಡೆರಡು ರೂಪಾಯಿ ಹಾಕಿದರು. ಹತ್ತು ಲಕ್ಷ ರೂಪಾಯಿ. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಡಾಕ್ಟರನ ಪಾತ್ರ ಮಾಡಿದ್ದರು. ಹನಿ ಹನಿ ಗೂಡಿದರೆ ಹಳ್ಳ ಅನ್ನೋ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ? ಅದರ ನಿರ್ಮಾಪಕರು ಐದು ಲಕ್ಷ ರೈತರು ಅಂತ ಇವತ್ತಿಗೂ ಹೇಳ್ತಾರೆ. ಆ ಚಿತ್ರವನ್ನು ಹೊಸದಾಗಿ ಶುದ್ಧ ಮಾಡಿ 2024ರ ಕಾನ್ ಉತ್ಸವದಲ್ಲಿ ತೋರಿಸಿದರು. ಪುಣೆಯ ನಾಲ್ವರ ಕನ್ನಡ ಚಿತ್ರಕ್ಕೆ ಬಹುಮಾನ ಬಂದ ಅದೇ ಉತ್ಸವ. ಎರಡು ರೂಪಾಯಿ ಕೊಟ್ಟವನ ಪಾಲನ್ನೂ 48 ವರ್ಷ ಜನ ನೆನೆಸಿದರು. ನಮ್ಮಲ್ಲಿ 300 ರೂಪಾಯಿ ಕೊಟ್ಟವರನ್ನು ಮುಂದಿನ ಯುಗಾದಿವರೆಗೆ ನೆನೆಸುತ್ತೇವೆಯೇ?

ಬರೀ ಟೀಕೆ ಮಾಡಿ ಕೂರುವುದು ನನಗೂ ಬೇಡ. ಮುಂದಿನ ಸಭೆಯಲ್ಲಿ ನಿರ್ದೇಶಕರ ಆಯ್ಕೆಗೆ ಮೊದಲು ಈ ಏಳು ಕಲಮಿನ ಒಂದು ಹಾಳೆ ಬರೆದು ಎಲ್ಲರೂ ಸಹಿ ಹಾಕಬೇಕು ಅಂತ ನಾನು ಸೂಚಿಸುತ್ತೇನೆ.

ಒಂದು, ಯಾರು ಯಾವ ಕೆಲಸ ಮಾಡ್ತಾರೆ ಅನ್ನೋದು ಹೆಸರು ಸಮೇತ. ಕತೆ, ನಿರ್ದೇಶನ, ಕ್ಯಾಮರಾ, ಶಬ್ದ, ಸಂಕಲನ, ಊಟದ ವ್ಯವಸ್ಥೆ, ಲೆಕ್ಕ.

ಎರಡು, ಯಾರು ಎಷ್ಟು ಹಣ ಕೊಟ್ಟರು, ಅದು ದೇಣಿಗೆಯೋ ವಾಪಸು ಬರಬೇಕಾದದ್ದೋ. 300 ರೂಪಾಯಿ ವರ್ಗಣಿ ದೇಣಿಗೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ಸಾಲ.

ಮೂರು, ದುಡಿದ ದಿನ ಮತ್ತು ರಾತ್ರಿಗಳನ್ನೂ ಅದೇ ವಹಿಯಲ್ಲಿ ಬರೆಯೋದು. ಬೆಲೆ ಕಟ್ಟಬೇಕಾಗಿಲ್ಲ. ಬರೆದರೆ ಸಾಕು, ಎಲ್ಲರಿಗೂ ಕಾಣಬೇಕು.

ನಾಲ್ಕು, ಕೊನೆಯ ಮಾತು ಯಾರದು. ಚಿತ್ರೀಕರಣದಲ್ಲಿ ನಿರ್ದೇಶಕರದು. ಹಣದಲ್ಲಿ ಸಭೆಯದು. ಭಾಷೆಯಲ್ಲಿ, ಆ ಮಾತು ಆಡುವ ಊರಿನವರದು.

ಐದು, ತೆರೆಯ ಮೇಲೆ ಹೆಸರುಗಳು ಹೇಗೆ ಬರಬೇಕು ಅನ್ನೋದು. ಒಂದೇ ಗಾತ್ರದ ಅಕ್ಷರ, ಓದಲು ಸಾಕಾಗುವಷ್ಟು ಹೊತ್ತು. ಸ್ಪರ್ಧೆಯ ಅರ್ಜಿಯಲ್ಲಿ ಒಂದೇ ಮನೆ ಇದ್ದರೆ ಅದರಲ್ಲಿ ಕೂಟದ ಹೆಸರು.

ಆರು, ಮೂಲ ಫೈಲುಗಳು ಎರಡು ಪ್ರತಿ, ಇಬ್ಬರ ಹತ್ತಿರ. ಒಬ್ಬರು ಸಂಕಲನದವರು, ಇನ್ನೊಬ್ಬರು ಚಿತ್ರಕ್ಕೆ ಸಂಬಂಧವೇ ಇಲ್ಲದ ಸದಸ್ಯರು.

ಏಳು, ಬಹುಮಾನ ಬಂದರೆ ಮೊದಲು ಸಾಲ ತೀರಬೇಕು, ಉಳಿದದ್ದರಲ್ಲಿ ಅರ್ಧ ಮುಂದಿನ ಚಿತ್ರಕ್ಕೆ, ಅರ್ಧ ಕೆಲಸ ಮಾಡಿದವರಿಗೆ ಸಮಪಾಲು. ನಡುವೆ ಯಾರಾದರೂ ಬಿಟ್ಟು ಹೋದರೆ ಅವರು ಮಾಡಿದ ಕೆಲಸಕ್ಕೆ ಅವರ ಹೆಸರು ಇರಲೇಬೇಕು.

ಇಷ್ಟು ಬರೆಯಲು ಅರ್ಧ ತಾಸು ಸಾಕು. ಬದಲಾವಣೆ ಬೇಕಾದರೆ ಮಾಡಿ. ನನ್ನ ಕಲಮುಗಳೇ ವೇದ ಅಲ್ಲ. ಜಗಳ ಆಗೋದಾದರೆ ಚಿತ್ರೀಕರಣದ ಮೊದಲೇ, ಸಭೆಯಲ್ಲೇ ಆಗಲಿ. ಆಗ ಒಡೆಯೋದು ಮಾತು ಮಾತ್ರ.

ನಾಲ್ಕನೇ ಕಲಮಿನಲ್ಲಿ ಭಾಷೆಯ ಮಾತು ಯಾಕೆ ತಂದೆ ಅನ್ನೋದನ್ನು ಹೇಳಿ ಮುಗಿಸ್ತೇನೆ. ಹೋದ ವರ್ಷದ ಆ ಚಿತ್ರದಲ್ಲಿ ರೈತ ರಾತ್ರಿ ತಂಗುವ ಮನೆಯ ದೃಶ್ಯ ಇದೆ. ಅದನ್ನು ತೆಗೆದದ್ದು ನಮ್ಮ ಓಣಿಯ ಒಬ್ಬ ಕಾಕುವಿನ ಖೋಲಿಯಲ್ಲಿ. ಅಕ್ಕಲಕೋಟೆ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ. ಎರಡು ರಾತ್ರಿ ಮಕ್ಕಳನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಖೋಲಿ ಬಿಟ್ಟುಕೊಟ್ಟರು. ಹುಡುಗರು ಬರೆದುಕೊಂಡು ಬಂದ ಸಂಭಾಷಣೆಯಲ್ಲಿ ರೈತ ‘ನಾನು ನಾಳೆ ಹಿಂತಿರುಗುತ್ತೇನೆ’ ಅಂತಿದ್ದ. ಬಾಗಿಲಲ್ಲಿ ಕೂತಿದ್ದ ಕಾಕು ಅಲ್ಲಿಂದಲೇ ಅಂದರು: “ಹಂಗ ಯಾರ ಮಾತಾಡ್ತಾರೋಪಾ? ‘ನಾಳಿಗಿ ಹೊಳ್ಳಿ ಬರ್ತೀನಿ’ ಅಂತ ಹಚ್ಚು.” ಹಚ್ಚಿದರು. ಆಮೇಲೆ ಒಂದೊಂದು ಸಾಲನ್ನೂ ಅವರಿಗೆ ಓದಿ ಹೇಳಿ ತಿದ್ದಿಸಿಕೊಂಡರು. ಚಿತ್ರ ನೋಡಿ ನಾವೆಲ್ಲ ‘ಏನು ಭಾಷೆಯೋ’ ಅಂತ ಮೆಚ್ಚಿದ್ದು ಅವರ ಭಾಷೆಯನ್ನು. ಓಡಿ ಹೋದ ಆ ಏಳು ಹೆಸರಿನಲ್ಲಿ ಅವರ ಹೆಸರು ಐದನೆಯದೂ ಅಲ್ಲ, ಏಳನೆಯದೂ ಅಲ್ಲ. ಇಲ್ಲವೇ ಇಲ್ಲ.

ಅವರಿಗೆ ಬಹುಮಾನದ ಸುದ್ದಿಯೂ ಗೊತ್ತಿಲ್ಲ, ಜಗಳದ ಸುದ್ದಿಯೂ ಗೊತ್ತಿಲ್ಲ. ನಾನು ಕಂಡಾಗೊಮ್ಮೆ ಕೇಳ್ತಾರೆ: “ಏನೋ ತಮ್ಮಾ, ನಮ್ಮ ಸಿನಿಮಾ ಯಾವಾಗ ತೋರಸ್ತೀರಿ?”

‘ನಮ್ಮ ಸಿನಿಮಾ’ ಅಂತ ಅವರು ಅಂತಾರೆ. ಐವರಲ್ಲಿ ಒಬ್ಬನೂ ಈಗ ಹಾಗೆ ಅನ್ನೋದಿಲ್ಲ. ರಾಜ್ಯೋತ್ಸವದ ದಿವಸ ಪರದೆ ಕಟ್ಟಿ ನಾವು ತೋರಿಸುವ ಚಿತ್ರದ ಬಗ್ಗೆ, ದುಡಿದ ಪ್ರತಿಯೊಬ್ಬರೂ ಆ ಎರಡು ಶಬ್ದ ಅನ್ನುವಂತಾಗಬೇಕು. ಅದಕ್ಕೆ ಮುಂದಿನ ಸಭೆಗೆ ಬರುವಾಗ ಪೆನ್ನು ತನ್ನಿ. ಹಾಳೆ ನಾನು ತರ್ತೇನೆ.

– ದ್ವಿತೀಯ ಬಿ.ಕಾಂ. ವಿದ್ಯಾರ್ಥಿ, ಬಿಬವೇವಾಡಿ, ಪುಣೆ